ಆಮದಾದ ಬಲಗಡೆ ಸ್ಟೀರಿಂಗ್‌ನ ಹಳೆಯ ವ್ಯಾನ್ ಕೊಳ್ಳುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನ ರಸ್ತೆಗಳಲ್ಲಿ ಇಪ್ಪತ್ತೈದು ವರ್ಷ ಓಡಿದ ಮಿತ್ಸುಬಿಶಿ ಡೆಲಿಕಾ, ಟೊಯೋಟ ಹೈಏಸ್, ಮಜ್ದಾ ಬೊಂಗೊ, ಸುಬಾರು ಸಾಂಬರ್ ಮುಂತಾದ ವ್ಯಾನ್‌ಗಳು ಹಡಗು ಹತ್ತಿ ಅಮೆರಿಕ, ಕೆನಡಾಗಳಿಗೆ ಬರುತ್ತಿವೆ. ಅವನ್ನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಹೆಚ್ಚಿನವರು ಮೊದಲು ಕೇಳುವುದು ಯಾವ ಮಾದರಿ ಒಳ್ಳೆಯದು ಎಂದು. ಆ ಪ್ರಶ್ನೆಯನ್ನು ನಾನು ಬೇಕೆಂದೇ ಕೆಳಗೆ ತಳ್ಳಿದ್ದೇನೆ. ಕಾಗದಪತ್ರ ಮತ್ತು ತುಕ್ಕು, ಇವೆರಡು ಸರಿಯಿಲ್ಲದಿದ್ದರೆ ಮಾದರಿಯ ಮಾತೇ ಬರುವುದಿಲ್ಲ.

ಇಂಥ ವಾಹನ ಇಟ್ಟುಕೊಳ್ಳುವುದು ಕಾನೂನುಬದ್ಧವೇ?

ವಯಸ್ಸಾಗಿದ್ದರೆ ಹೌದು. ಅಮೆರಿಕದಲ್ಲಿ 1988ರ ಕಾಯ್ದೆಯೊಂದರ ಪ್ರಕಾರ, ಅಲ್ಲಿನ ಸುರಕ್ಷತಾ ಮಾನದಂಡಗಳಿಗೆ ತಕ್ಕಂತೆ ತಯಾರಾಗದ ವಾಹನವನ್ನು ಸಾಮಾನ್ಯರು ತರಿಸಿಕೊಳ್ಳುವಂತಿಲ್ಲ. ಆದರೆ ತಯಾರಾಗಿ 25 ವರ್ಷ ತುಂಬಿದ ವಾಹನಕ್ಕೆ ಈ ನಿರ್ಬಂಧವಿಲ್ಲ. ಹೊಗೆಯ ಲೆಕ್ಕ ಬೇರೆ: 21 ವರ್ಷ ದಾಟಿದ, ಮೂಲ ಎಂಜಿನ್ ಬದಲಾಗದ ವಾಹನಕ್ಕೆ ಪರಿಸರ ಇಲಾಖೆ ವಿನಾಯಿತಿ ಕೊಡುತ್ತದೆ. ಕೆನಡಾದಲ್ಲಿ 15 ವರ್ಷ ಸಾಕು. ಇತ್ತೀಚಿನ ವ್ಯಾನ್‌ಗಳು ಕೆನಡಾದಲ್ಲಿ ಮೊದಲು ಕಾಣಿಸಿಕೊಂಡು, ಹತ್ತು ವರ್ಷ ಕಳೆದ ಮೇಲೆ ಗಡಿಯ ದಕ್ಷಿಣಕ್ಕೆ ಇಳಿಯುವುದು ಇದರಿಂದಲೇ.

ಸ್ಟೀರಿಂಗ್ ಬಲಗಡೆ ಇರುವುದು ಅಮೆರಿಕದ ಒಕ್ಕೂಟದ ಕಾನೂನಿಗೆ ಅಡ್ಡಿಯೇ ಅಲ್ಲ. ಅಲ್ಲಿನ ಅಂಚೆ ಇಲಾಖೆಯ ಬಿಳಿ ವ್ಯಾನ್‌ಗಳಲ್ಲೇ ಸ್ಟೀರಿಂಗ್ ಬಲಗಡೆ ಇದೆ. ಅಂಚೆಯವನು ಇಳಿಯದೆಯೇ ರಸ್ತೆಬದಿಯ ಡಬ್ಬಿಗೆ ಕೈಹಾಕಬೇಕಲ್ಲ. ಎಲ್ಲ ದೇಶಗಳೂ ಹೀಗಿಲ್ಲ. ಫಿಲಿಪ್ಪೀನ್ಸ್ 1998ರಲ್ಲಿ ಕಾಯ್ದೆ ತಂದು ಬಲಗಡೆ ಸ್ಟೀರಿಂಗ್‌ನ ವಾಹನಗಳ ನೋಂದಣಿಯನ್ನೇ ನಿಷೇಧಿಸಿತು.

25 ವರ್ಷವನ್ನು ಯಾವ ದಿನದಿಂದ ಎಣಿಸುತ್ತಾರೆ?

ತಯಾರಾದ ದಿನದಿಂದ. ಮಾದರಿ ವರ್ಷದಿಂದಲ್ಲ. 2000ದ ನವೆಂಬರ್‌ನಲ್ಲಿ ತಯಾರಾದದ್ದಕ್ಕೆ 2025ರ ನವೆಂಬರ್‌ನಲ್ಲಿ ವಯಸ್ಸು ತುಂಬುತ್ತದೆ, ಆ ವರ್ಷದ ಜನವರಿಯಲ್ಲಲ್ಲ. ಜಪಾನಿನ ಕಾಗದದಲ್ಲಿ ಸಾಮಾನ್ಯವಾಗಿ ಸಿಗುವುದು ಮೊದಲ ನೋಂದಣಿಯ ತಿಂಗಳು ಮಾತ್ರ. ಅದಕ್ಕೇ 25 ವರ್ಷ ಆಗಿದ್ದರೆ ತೊಂದರೆಯಿಲ್ಲ, ತಯಾರಿಕೆ ಅದಕ್ಕೂ ಹಿಂದಿನದ್ದೇ ಆಗಿರುತ್ತದೆ. ಆಗಿಲ್ಲದಿದ್ದರೆ ತಯಾರಿಕೆಯ ತಿಂಗಳಿಗೆ ಬೇರೆ ಪುರಾವೆ ಬೇಕಾಗುತ್ತದೆ.

ಆ ಕಾಗದದಲ್ಲಿ ವರ್ಷಗಳು ಜಪಾನಿನ ಚಕ್ರವರ್ತಿಗಳ ಶಕೆಯಲ್ಲಿ ಇರುತ್ತವೆ. ಹೇಸೇ ಶಕೆಯ ವರ್ಷಕ್ಕೆ 1988 ಕೂಡಿಸಿ. ಹೇಸೇ 10 ಎಂದರೆ 1998. ಅದಕ್ಕೂ ಹಿಂದಿನ ಶೋವಾ ಶಕೆಯಾದರೆ 1925 ಕೂಡಿಸಬೇಕು. ಮಾರುವವರ ಜಾಹೀರಾತಿನಲ್ಲಿರುವ ವರ್ಷವನ್ನು ನೆಚ್ಚಿಕೊಳ್ಳದೆ ಈ ಲೆಕ್ಕವನ್ನು ನೀವೇ ಮಾಡಿ. ಒಂದು ನಿಮಿಷದ ಕೆಲಸ.

ವಯಸ್ಸು ತುಂಬುವ ಮೊದಲೇ ಯಾರೋ ಉಪಾಯವಾಗಿ ತರಿಸಿದ ವಾಹನದ ತಂಟೆಗೆ ಹೋಗಬೇಡಿ. 2014ರಲ್ಲಿ ಅಮೆರಿಕದ ಅಧಿಕಾರಿಗಳು ಸುಮಾರು 40 ಲ್ಯಾಂಡ್ ರೋವರ್ ಡಿಫೆಂಡರ್‌ಗಳನ್ನು ಆಮದಿನ ನಿಯಮ ಮುರಿದ ಆರೋಪದ ಮೇಲೆ ಮಾಲೀಕರ ಮನೆಗಳಿಗೇ ಹೋಗಿ ವಶಪಡಿಸಿಕೊಂಡರು. ಎಷ್ಟೋ ವಾಹನಗಳು ಕಾನೂನು ಹೋರಾಟದ ನಂತರ ಮಾಲೀಕರಿಗೆ ಮರಳಿದವು. ಆದರೆ ವಕೀಲರ ಶುಲ್ಕ ಮರಳುವುದಿಲ್ಲ.

ಕಸ್ಟಮ್ಸ್ ದಾಟಿದ ಮೇಲೆ ನೋಂದಣಿ ತಾನಾಗಿ ಆಗುತ್ತದೆಯೇ?

ಇಲ್ಲ. ಅತಿ ಹೆಚ್ಚು ಜನ ಮುಗ್ಗರಿಸುವುದು ಇಲ್ಲಿಯೇ. ಗಡಿಯೊಳಗೆ ಬಿಡುವುದು ಒಕ್ಕೂಟ ಸರ್ಕಾರ, ನಂಬರ್ ಪ್ಲೇಟ್ ಕೊಡುವುದು ರಾಜ್ಯ. ಒಬ್ಬರು ಒಪ್ಪಿದ್ದನ್ನು ಇನ್ನೊಬ್ಬರು ಒಪ್ಪಲೇಬೇಕೆಂದಿಲ್ಲ.

ಕ್ಯಾಲಿಫೋರ್ನಿಯದಲ್ಲಿ 25 ವರ್ಷದ ವಿನಾಯಿತಿ ಹೊಗೆಯ ವಿಷಯದಲ್ಲಿ ನಡೆಯುವುದಿಲ್ಲ. 1975ರ ನಂತರದ ಮಾದರಿಯಾದರೆ ಅಲ್ಲಿನ ಮಾನದಂಡಕ್ಕೆ ಪರಿವರ್ತಿಸಿ, ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ಆ ಖರ್ಚು ವ್ಯಾನಿನ ಬೆಲೆಯನ್ನೇ ಅಣಕಿಸುವಂತಿರುತ್ತದೆ. ಜಪಾನಿನಲ್ಲಿ ‘ಕೀ’ ವರ್ಗ ಎನ್ನುವ 660 ಸಿಸಿಯ ಪುಟ್ಟ ವಾಹನಗಳ ಕಥೆ ಇನ್ನೂ ಗೋಜಲು. ಹಲವು ರಾಜ್ಯಗಳು ಅವನ್ನು ರಸ್ತೆಗೆ ತಕ್ಕವಲ್ಲವೆಂದು ತಿರಸ್ಕರಿಸಿವೆ. ಕೆಲವು ಒಮ್ಮೆ ಕೊಟ್ಟ ನೋಂದಣಿಯನ್ನೇ ಹಿಂದಕ್ಕೆ ಪಡೆದಿವೆ. ಟೆಕ್ಸಾಸ್‌ನಂಥ ರಾಜ್ಯ ಮಾಲೀಕರ ಒತ್ತಾಯದ ನಂತರ 2024ರಲ್ಲಿ ಮನಸ್ಸು ಬದಲಿಸಿ ಒಪ್ಪಿಕೊಂಡಿತು. ಕೆನಡಾದಲ್ಲೂ ಪ್ರಾಂತ್ಯಕ್ಕೊಂದು ನಿಯಮ: 25 ವರ್ಷ ತುಂಬದ ಬಲಗಡೆ ಸ್ಟೀರಿಂಗ್‌ನ ವಾಹನವನ್ನು ಕ್ವಿಬೆಕ್ ರಸ್ತೆಗೆ ಬಿಡುವುದಿಲ್ಲ.

ಆದ್ದರಿಂದ ವ್ಯಾನಿನ ಫೋಟೋ ನೋಡಿ ಮನಸೋಲುವ ಮೊದಲೇ ನಿಮ್ಮ ರಾಜ್ಯದ ನೋಂದಣಿ ಕಚೇರಿಗೆ ಮಾದರಿಯ ಹೆಸರು, ವರ್ಷ, ಚಾಸಿಸ್ ನಂಬರಿನ ಮಾದರಿಯನ್ನು ಬರೆದು ಕೇಳಿ. ಉತ್ತರ ಬರವಣಿಗೆಯಲ್ಲೇ ಬರಲಿ. ಕೌಂಟರಿನಲ್ಲಿ ಒಬ್ಬ ಗುಮಾಸ್ತ ಬಾಯಿಮಾತಿನಲ್ಲಿ ‘ಆಗುತ್ತದೆ’ ಎಂದದ್ದಕ್ಕೆ ಮರುದಿನ ಇನ್ನೊಬ್ಬ ಗುಮಾಸ್ತನ ಮುಂದೆ ಬೆಲೆಯಿಲ್ಲ. ಪಕ್ಕದ ರಾಜ್ಯದಲ್ಲಿ ನೋಂದಾಯಿಸಿ ನಮ್ಮೂರಿನಲ್ಲಿ ಓಡಿಸಿ ಎಂದು ಸಲಹೆ ಕೊಡುವವರೂ ಇದ್ದಾರೆ. ಅಪಘಾತವಾದ ದಿನ ವಿಮಾ ಕಂಪನಿ ಮೊದಲು ಹುಡುಕುವುದು ಇಂಥ ಬಿರುಕನ್ನೇ.

ನಾನೇ ಜಪಾನಿನಿಂದ ತರಿಸಲೇ, ಇಲ್ಲಿಗೆ ಬಂದಿರುವುದನ್ನು ಕೊಳ್ಳಲೇ?

ಮೊದಲ ಸಲ ಕೊಳ್ಳುವವರಿಗೆ ನನ್ನ ಉತ್ತರ ಒಂದೇ: ಈಗಾಗಲೇ ಬಂದು, ನಿಮ್ಮ ರಾಜ್ಯದಲ್ಲೇ ಯಾರದೋ ಹೆಸರಿನಲ್ಲಿ ನೋಂದಣಿಯಾಗಿರುವುದನ್ನು ಕೊಳ್ಳಿ. ಹೆಚ್ಚು ಹಣ ಕೊಡಬೇಕಾಗುತ್ತದೆ, ನಿಜ. ಆದರೆ ಅದಕ್ಕೆ ಬದಲಾಗಿ ವಾಹನವನ್ನು ಮುಟ್ಟಿ ನೋಡಬಹುದು, ಓಡಿಸಬಹುದು, ಕೆಳಗೆ ಮಲಗಿ ತುಕ್ಕು ಕೆರೆಯಬಹುದು. ನೋಂದಣಿ ಆಗುತ್ತದೋ ಇಲ್ಲವೋ ಎಂಬ ಆತಂಕವೂ ಬಹುಮಟ್ಟಿಗೆ ತೀರಿರುತ್ತದೆ.

ತರಿಸಲೇಬೇಕೆಂದರೆ ಖರ್ಚಿನ ಸರಪಳಿ ಹೀಗಿರುತ್ತದೆ: ಹರಾಜಿನ ಬೆಲೆ, ಹರಾಜು ಶುಲ್ಕ, ಜಪಾನಿನ ದಲ್ಲಾಳಿಯ ಕಮಿಷನ್, ಬಂದರಿಗೆ ಸಾಗಣೆ, ಹಡಗು ಬಾಡಿಗೆ, ವಿಮೆ, ಕಸ್ಟಮ್ಸ್ ಬ್ರೋಕರ್, ಸುಂಕ, ಇಲ್ಲಿನ ಬಂದರಿನ ಶುಲ್ಕ, ಬಂದರಿನಿಂದ ಮನೆಗೆ ಸಾಗಣೆ. ಜಾಹೀರಾತಿನಲ್ಲಿ ಹೊಳೆಯುವ ಅಂಕಿ ಇದರ ಮೊದಲ ಕೊಂಡಿ ಮಾತ್ರ. ಸುಂಕದಲ್ಲಿ ಒಂದು ಹಳೆಯ ಬಲೆಯಿದೆ. ಅಮೆರಿಕದಲ್ಲಿ ಪ್ರಯಾಣಿಕರ ವಾಹನಕ್ಕೆ ಸಾಮಾನ್ಯ ದರ ಶೇ 2.5 ಇದ್ದರೆ, ಸರಕು ಸಾಗಿಸುವ ಲಘು ವಾಹನಕ್ಕೆ ಶೇ 25. ಯುರೋಪಿನೊಂದಿಗೆ ಕೋಳಿಮಾಂಸದ ಸುಂಕದ ಜಗಳಕ್ಕೆ ಪ್ರತೀಕಾರವಾಗಿ 1964ರಲ್ಲಿ ಹುಟ್ಟಿದ ಈ ದರಕ್ಕೆ ಇಂದಿಗೂ ‘ಚಿಕನ್ ಟ್ಯಾಕ್ಸ್’ ಎಂದೇ ಹೆಸರು. ಒಂದೇ ಹೈಏಸ್ ಸೀಟುಗಳಿದ್ದರೆ ಒಂದು ಕಡೆ, ಹಿಂಭಾಗ ಖಾಲಿ ಡಬ್ಬಿಯಾಗಿದ್ದರೆ ಇನ್ನೊಂದು ಕಡೆ ಬೀಳಬಹುದು. 2025ರಿಂದ ಸುಂಕದ ಆದೇಶಗಳು ಪದೇ ಪದೇ ಬದಲಾಗಿರುವುದರಿಂದ ಹಣ ಕಟ್ಟುವ ವಾರದಲ್ಲೇ ಬ್ರೋಕರ್‌ನಿಂದ ದರ ಕೇಳಿಕೊಳ್ಳಿ.

ಹಡಗಿನಲ್ಲಿ ಎರಡು ದಾರಿ. ವಾಹನವನ್ನು ನೇರವಾಗಿ ಓಡಿಸಿಕೊಂಡು ಹತ್ತಿಸುವ ‘ರೋ-ರೋ’ ಹಡಗು ಅಗ್ಗ, ಆದರೆ ಒಳಗೆ ಬಿಡಿಭಾಗ, ಟೈರು ಏನನ್ನೂ ತುಂಬಿ ಕಳಿಸುವಂತಿಲ್ಲ. ಕಂಟೇನರ್ ದುಬಾರಿ, ಎತ್ತರದ ಛಾವಣಿಯ ವ್ಯಾನ್ ಅದರೊಳಗೆ ಹಿಡಿಯುತ್ತದೆಯೇ ಎಂದು ಅಳೆದು ನೋಡಬೇಕು. ಕಂಟೇನರಿನಲ್ಲಿ ಅಮೆರಿಕಕ್ಕೆ ತರಿಸುವುದಾದರೆ ಸರಕು ಹಡಗಿಗೆ ಏರುವ 24 ಗಂಟೆ ಮೊದಲೇ ಆಮದುದಾರರ ಭದ್ರತಾ ಮಾಹಿತಿ ಸಲ್ಲಿಕೆಯಾಗಿರಬೇಕು. ತಪ್ಪಿದರೆ ದಂಡ 5,000 ಡಾಲರ್‌ವರೆಗೆ ಹೋಗುತ್ತದೆ.

ಮಾರುವವರ ಬಳಿ ಯಾವ ಕಾಗದಪತ್ರ ಇರಬೇಕು?

ಜಪಾನಿನ ರಫ್ತು ಪ್ರಮಾಣಪತ್ರ ಮತ್ತು ಅದರ ಇಂಗ್ಲಿಷ್ ಅನುವಾದ, ಹಡಗಿನ ಸರಕು ರಸೀದಿ, ಖರೀದಿಯ ಬಿಲ್. ಅಮೆರಿಕದಲ್ಲಿ ಇವುಗಳ ಜೊತೆಗೆ ಸಾರಿಗೆ ಇಲಾಖೆಯ ಎಚ್‌ಎಸ್-7, ಪರಿಸರ ಇಲಾಖೆಯ 3520-1, ಕಸ್ಟಮ್ಸ್‌ನ 7501 ಎಂಬ ಮೂರು ನಮೂನೆಗಳು. ಕೆನಡಾದಲ್ಲಿ ಗಡಿ ಇಲಾಖೆ ಮುದ್ರೆ ಒತ್ತಿದ ವಾಹನ ಆಮದು ನಮೂನೆ.

ಚಾಸಿಸ್ ನಂಬರನ್ನು ವಾಹನದ ಮೇಲೆ ಕೊರೆದಿರುವುದರೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಿ. ಜಪಾನಿನೊಳಗಿನ ವಾಹನಕ್ಕೆ ನಾವು ಕಾಣುವ 17 ಅಂಕಿ-ಅಕ್ಷರಗಳ ಗುರುತು ಸಂಖ್ಯೆ ಇರುವುದಿಲ್ಲ. ‘ಪಿಡಿ8ಡಬ್ಲ್ಯು’ ಎಂಬಂಥ ಮಾದರಿ ಸಂಕೇತ, ಒಂದು ಅಡ್ಡಗೆರೆ, ನಂತರ ಕೆಲವು ಅಂಕಿಗಳು, ಅಷ್ಟೇ. ಅರ್ಜಿ ತುಂಬಿದ ಗುಮಾಸ್ತರು ಅಡ್ಡಗೆರೆ ಬಿಟ್ಟೋ, ಮುಂದೆ ಸೊನ್ನೆಗಳನ್ನು ಸೇರಿಸಿಯೋ ಬರೆದಿದ್ದರೆ ಮುಂದೆ ಪ್ರತಿ ಕಚೇರಿಯಲ್ಲೂ ಅದನ್ನು ವಿವರಿಸುತ್ತಾ ನಿಲ್ಲಬೇಕಾಗುತ್ತದೆ. ‘ಟೈಟಲ್ (ಮಾಲೀಕತ್ವದ ಪತ್ರ) ದಾರಿಯಲ್ಲಿದೆ, ಮುಂದಿನ ವಾರ ಬರುತ್ತದೆ’ ಎನ್ನುವವರಿಗೆ ಹಣವೂ ಮುಂದಿನ ವಾರವೇ ಬರುತ್ತದೆ ಎಂದು ಹೇಳಿ.

ಹರಾಜು ಹಾಳೆಯನ್ನು ಓದುವುದು ಹೇಗೆ?

ಜಪಾನಿನ ಹರಾಜು ಕೇಂದ್ರಗಳಲ್ಲಿ ಪ್ರತಿ ವಾಹನವನ್ನೂ ತಪಾಸಕರು ನೋಡಿ ಒಂದು ಹಾಳೆ ತುಂಬುತ್ತಾರೆ. ಕೊಳ್ಳುವವರಿಗೆ ಸಿಗುವ ಅತ್ಯಂತ ಪ್ರಾಮಾಣಿಕ ದಾಖಲೆ ಅದು, ಏಕೆಂದರೆ ಅದನ್ನು ಬರೆದವನಿಗೆ ನಿಮಗೆ ಮಾರಬೇಕಾದ ದರ್ದು ಇರಲಿಲ್ಲ. ಆಮದುದಾರರು ಅದನ್ನು ತೋರಿಸಲು ಹಿಂಜರಿದರೆ ಕಾರಣ ಬೇರೆ ಕೇಳಬೇಕಾಗಿಲ್ಲ.

ಮೂಲೆಯಲ್ಲಿ ಒಟ್ಟಾರೆ ಅಂಕ ಇರುತ್ತದೆ. ಹೊಸದರಂತಿರುವುದಕ್ಕೆ ಎಸ್ ಅಥವಾ 6, ನಂತರ 5, 4.5, 4, 3.5 ಹೀಗೆ ಇಳಿಯುತ್ತದೆ. ಆರ್ ಎಂದಿದ್ದರೆ ಅಪಘಾತವಾಗಿ ಚೌಕಟ್ಟಿನ ಭಾಗ ದುರಸ್ತಿಯಾಗಿದೆ ಎಂದರ್ಥ. ಇಪ್ಪತ್ತೈದು ವರ್ಷದ ವ್ಯಾನಿಗೆ 3.5 ಅಥವಾ 4 ಬಂದಿದ್ದರೆ ಅದು ಚೆನ್ನಾಗಿಯೇ ಬಾಳಿದೆ. ಒಳಾಂಗಣಕ್ಕೆ ಎ, ಬಿ, ಸಿ ಎಂದು ಬೇರೆ ದರ್ಜೆ.

ನಾನು ಅಂಕಕ್ಕಿಂತ ಹೆಚ್ಚು ನೋಡುವುದು ವಾಹನದ ರೇಖಾಚಿತ್ರವನ್ನು. ಎ ಎಂದರೆ ಗೀರು, ಯು ಎಂದರೆ ನೆಗ್ಗು, ಡಬ್ಲ್ಯು ಎಂದರೆ ತಟ್ಟಿ ಬಣ್ಣ ಬಳಿದ ಜಾಗದ ಅಲೆ, ಎಕ್ಸ್‌ಎಕ್ಸ್ ಎಂದರೆ ಬದಲಿಸಿದ ಭಾಗ. ಪಕ್ಕದ 1, 2, 3 ತೀವ್ರತೆಯನ್ನು ಹೇಳುತ್ತದೆ. ಎ, ಯುಗಳು ಎಷ್ಟಿದ್ದರೂ ಚಿಂತೆಯಿಲ್ಲ. ಎಸ್ ಎಂದರೆ ತುಕ್ಕು, ಸಿ ಎಂದರೆ ಲೋಹವನ್ನೇ ತಿಂದ ತುಕ್ಕು. ಈ ಎರಡು ಅಕ್ಷರಗಳಲ್ಲಿ ಒಂದು ಕಂಡರೂ ಅಲ್ಲೇ ನಿಲ್ಲಿ. ಕೆಳಗೆ ತಪಾಸಕ ಜಪಾನಿ ಕೈಬರಹದಲ್ಲಿ ಗೀಚಿದ ಟಿಪ್ಪಣಿಗಳನ್ನು ಬಲ್ಲವರಿಂದ ಓದಿಸಿ. ಎಣ್ಣೆ ಸೋರಿಕೆ, ಎಂಜಿನ್ ಸದ್ದು, ಏಸಿ ಕೆಟ್ಟಿರುವುದು ಎಲ್ಲವೂ ಅಲ್ಲೇ ಇರುತ್ತವೆ.

ಮೀಟರ್ ಕಡಿಮೆ ತೋರಿಸುತ್ತಿದೆ. ನಂಬಬಹುದೇ?

ಕಾಗದದ ಬೆಂಬಲವಿದ್ದರೆ ನಂಬಬಹುದು. ಜಪಾನಿನಲ್ಲಿ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆ ಇದೆ: ಹೊಸ ಕಾರಿಗೆ ಮೊದಲು 3 ವರ್ಷಕ್ಕೆ, ನಂತರ 2 ವರ್ಷಕ್ಕೊಮ್ಮೆ. ಸರಕು ವರ್ಗದಲ್ಲಿ ನೋಂದಣಿಯಾದ ವ್ಯಾನ್‌ಗಳಿಗೆ ಪ್ರತಿ ವರ್ಷ (ಪುಟ್ಟ ಕೀ ವ್ಯಾನ್‌ಗಳನ್ನು ಬಿಟ್ಟು). ದುಡಿಮೆಯ ವ್ಯಾನ್ ಎಂದು ಮೂಗು ಮುರಿಯುವವರಿಗೆ ಈ ಸಂಗತಿ ಗೊತ್ತಿರುವುದಿಲ್ಲ. ಇತ್ತೀಚಿನ ವರ್ಷಗಳ ತಪಾಸಣೆಯ ಮೀಟರ್ ಓದು ರಫ್ತು ಪ್ರಮಾಣಪತ್ರದಲ್ಲೂ ನಮೂದಾಗಿರುತ್ತದೆ. ಹಳೆಯ ಮೀಟರ್‌ಗಳಲ್ಲಿ ಐದೇ ಅಂಕಿಗಳಿದ್ದು 99,999 ದಾಟಿದ ಮೇಲೆ ಮತ್ತೆ ಸೊನ್ನೆಗೆ ಬರುತ್ತವೆ ಎಂಬುದನ್ನು ಮರೆಯಬೇಡಿ. ಪೆಡಲಿನ ರಬ್ಬರು ಸವೆದು ಲೋಹ ಕಾಣುತ್ತಿದ್ದರೆ 40,000 ಕಿಲೋಮೀಟರ್ ಎಂಬ ಮಾತಿಗೆ ನಕ್ಕುಬಿಡಿ.

ಹಾಗೆಂದು ಕಡಿಮೆ ಓಡಿದ್ದೇ ಉತ್ತಮ ಎಂದೂ ಅಲ್ಲ. ವರ್ಷಗಟ್ಟಲೆ ನಿಂತೇ ಇದ್ದ ವಾಹನದಲ್ಲಿ ರಬ್ಬರಿನ ಪೈಪು, ಸೀಲು, ಬ್ರೇಕಿನ ಸಿಲಿಂಡರು ಒಂದೊಂದಾಗಿ ಕೈಕೊಡುತ್ತವೆ. 1,80,000 ಕಿಲೋಮೀಟರ್ ಓಡಿ, ಕಾಲಕಾಲಕ್ಕೆ ಸರ್ವಿಸ್ ಆದ ಪುಸ್ತಕವಿರುವ ವ್ಯಾನ್ ನನಗೆ ಹೆಚ್ಚು ಪ್ರಿಯ.

ತುಕ್ಕನ್ನು ಎಲ್ಲಿ ಹುಡುಕಬೇಕು?

ಕೆಳಗೆ. ಹೊಸ ಸೀಟು ಕವರು, ಹೊಳೆಯುವ ಅಲಾಯ್ ಚಕ್ರ, ಛಾವಣಿಯ ಮೇಲಿನ ಟೆಂಟು ಎಲ್ಲವೂ ಕಣ್ಣನ್ನು ಮೇಲೆಯೇ ಹಿಡಿದಿಡಲು ಇರುವಂಥವು.

ಜಪಾನ್ ಎಂದರೆ ತುಕ್ಕಿಲ್ಲದ ದೇಶ ಎಂಬ ನಂಬಿಕೆ ಅರ್ಧ ಸತ್ಯ. ಹೊಕ್ಕೈಡೊ, ತೊಹೊಕು, ನೀಗಾತ ಮುಂತಾದ ಕಡೆ ಹಿಮ ಆಳೆತ್ತರ ಬೀಳುತ್ತದೆ, ರಸ್ತೆಗೆ ಉಪ್ಪು ಸುರಿಯುತ್ತಾರೆ. ನಾಲ್ಕು ಚಕ್ರಗಳ ಚಾಲನೆಯಿರುವ ಡೆಲಿಕಾಗಳು ಹೆಚ್ಚಾಗಿ ಬೇಕಾಗುವುದೂ ಅಂಥ ಊರುಗಳಲ್ಲೇ. ಹಳೆಯ ನಂಬರ್ ಪ್ಲೇಟಿನ ಫೋಟೋ ಸಿಕ್ಕರೆ ಅದರ ಮೇಲಿನ ಊರಿನ ಹೆಸರನ್ನು ಓದಿಸಿ. ಸಪ್ಪೊರೊ ಎಂದಿದ್ದರೆ ಟಾರ್ಚನ್ನು ಇನ್ನಷ್ಟು ಹೊತ್ತು ಉರಿಸಬೇಕು.

ನೋಡಬೇಕಾದ ಜಾಗಗಳು: ಬಾಗಿಲಿನ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ, ಹಿಂಚಕ್ರದ ಕಮಾನಿನ ಒಳಬದಿ, ಮುಂದಿನ ಗಾಜಿನ ಕೆಳಮೂಲೆ, ಛಾವಣಿಯ ನೀರು ಹರಿಯುವ ಕಾಲುವೆ, ಚಾಲಕನ ಕಾಲಡಿಯ ಚಾಪೆಯ ಕೆಳಗೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಗಟ್ಟಿ ಲೋಹ ಠಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ತಳಕ್ಕೆ ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ಅದು ಬಿರುಕು ಗೋಡೆಗೆ ಹಬ್ಬಕ್ಕೆಂದು ಸುಣ್ಣ ಬಳಿದಂತೆ. ಬಳಿಯುವ ಮೊದಲಿನ ಫೋಟೋ ಕೇಳಿ, ಇಲ್ಲವೆಂದರೆ ಬೆಲೆ ಇಳಿಸಿ ಅಥವಾ ಎದ್ದು ಬನ್ನಿ.

ಹಿಂದಿನ ಸೀಟುಗಳಿಗೆ ಹೀಟರ್ ಇರುವ ವ್ಯಾನ್‌ಗಳಲ್ಲಿ ಬಿಸಿ ಕೂಲೆಂಟ್ ಒಯ್ಯುವ ಲೋಹದ ಪೈಪುಗಳು ತಳದ ಉದ್ದಕ್ಕೂ ಹೋಗಿರುತ್ತವೆ. ಬೊಂಗೊ ಮತ್ತು ಡೆಲಿಕಾ ಇದಕ್ಕೆ ಹೆಸರುವಾಸಿ. ತುಕ್ಕು ಹಿಡಿದು ಅವು ತೂತಾದರೆ ಕೂಲೆಂಟ್ ಸದ್ದಿಲ್ಲದೆ ಖಾಲಿಯಾಗುತ್ತದೆ, ಎಂಜಿನ್ ಕಾಯುತ್ತದೆ, ಸಿಲಿಂಡರ್ ಹೆಡ್ ಬಿರಿಯುತ್ತದೆ. ಸಣ್ಣ ಪೈಪು ದೊಡ್ಡ ಬಿಲ್ಲಾಗುವ ದಾರಿ ಇದು.

ಸರಿ, ಯಾವ ಮಾದರಿ ಕೊಳ್ಳಲಿ?

ಡೆಲಿಕಾದಲ್ಲಿ ಎರಡು ಪೀಳಿಗೆಗಳು ಹೆಚ್ಚಾಗಿ ಸಿಗುತ್ತವೆ. 1986ರಲ್ಲಿ ಬಂದ ಸ್ಟಾರ್ ವ್ಯಾಗನ್‌ನಲ್ಲಿ ಎಂಜಿನ್ ಮುಂದಿನ ಸೀಟುಗಳ ಅಡಿಯಲ್ಲಿದೆ; 1994ರ ಸ್ಪೇಸ್ ಗೇರ್‌ನಲ್ಲಿ ಮುಂದೆ ಪುಟ್ಟ ಬಾನೆಟ್ ಇದೆ. ಮೊದಲನೆಯದರ 2.5 ಲೀಟರಿನ 4ಡಿ56 ಡೀಸೆಲ್ ಎಂಜಿನ್ ಕಾವಿಗೆ ಸೂಕ್ಷ್ಮ, ಅದರಲ್ಲಿ ಟೈಮಿಂಗ್ ಬೆಲ್ಟ್ ಜೊತೆಗೆ ಬ್ಯಾಲೆನ್ಸ್ ಶಾಫ್ಟಿನ ಇನ್ನೊಂದು ಬೆಲ್ಟೂ ಇದೆ. ಎರಡನೆಯದರ 2.8 ಲೀಟರಿನ 4ಎಂ40ರಲ್ಲಿ ಬೆಲ್ಟಿನ ಬದಲು ಚೈನ್ ಇದೆ. ಸ್ಪೇಸ್ ಗೇರ್‌ನಲ್ಲೇ ಸಿಗುವ 3 ಲೀಟರಿನ 6ಜಿ72 ಪೆಟ್ರೋಲ್ ಎಂಜಿನ್ ಕುಡಿಯುವುದರಲ್ಲಿ ಉದಾರಿ. ಆದರೆ ಅದೇ ಕುಟುಂಬದ ಎಂಜಿನ್ ಅಮೆರಿಕದಲ್ಲಿ ಮಿತ್ಸುಬಿಶಿ ಮೊಂಟೆರೊ ಮತ್ತು ಕ್ರೈಸ್ಲರ್‌ನ ಮಿನಿವ್ಯಾನ್‌ಗಳಲ್ಲಿ ಮಾರಾಟವಾಗಿತ್ತು, ಆದ್ದರಿಂದ ಬಿಡಿಭಾಗಕ್ಕೆ ಸಮುದ್ರ ದಾಟಬೇಕಿಲ್ಲ. ಅಮೆರಿಕದಲ್ಲಿದ್ದು, ಊರಿನ ಗ್ಯಾರೇಜನ್ನೇ ನಂಬಿರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಡೀಸೆಲ್ ಮೋಹಿಗಳು ಒಪ್ಪುವುದಿಲ್ಲ.

ಹೈಏಸ್ ದೃಢವಾದದ್ದು, ಅದರ ಬೆಲೆಗೂ ಆ ವಿಷಯ ಗೊತ್ತು. 3 ಲೀಟರಿನ 1ಕೆಝಡ್-ಟಿಇ ಟರ್ಬೊ ಡೀಸೆಲ್ ಇದ್ದರೆ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದರೆಂದು ಕೇಳಿ. 1,00,000 ಕಿಲೋಮೀಟರಿಗೆ ಬದಲಿಸುವುದು ಪದ್ಧತಿ. ಎಂಜಿನ್ ಒಮ್ಮೆ ವಿಪರೀತ ಕಾದರೆ ಇದರ ಹೆಡ್ಡೂ ಬಿರುಕು ಬಿಡುತ್ತದೆ. 1995ರಿಂದ 2005ರವರೆಗೆ ಬಂದ ಬೊಂಗೊ ಫ್ರೆಂಡಿಯಲ್ಲಿ ಗುಂಡಿ ಒತ್ತಿದರೆ ಛಾವಣಿ ಮೇಲೇಳುವ ಮಾದರಿಯಿದೆ, ಮಲಗಲು ಮಹಡಿ ಸಿದ್ಧ. ಕೊಳ್ಳುವಾಗ ಛಾವಣಿಯನ್ನು ಪೂರ್ತಿ ಎತ್ತಿ ಇಳಿಸಿ ನೋಡಿ, ಕೂಲೆಂಟ್ ಕಡಿಮೆಯಾದರೆ ಕೂಗುವ ಅಲಾರಂ ಒಂದನ್ನು ಮೊದಲ ವಾರವೇ ಹಾಕಿಸಿ.

ಯಾವುದೇ ಆಗಲಿ, ಎಂಜಿನ್ ತಣ್ಣಗಿರುವಾಗಲೇ ನೋಡಲು ಹೋಗಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅದೂ ಒಂದು ಮಾಹಿತಿ.

ಕೀ ವ್ಯಾನ್ ಹೆದ್ದಾರಿಗೆ ಆಗುತ್ತದೆಯೇ?

ಕಾನೂನು ಬಿಟ್ಟರೂ ನಿಮ್ಮ ನರಗಳು ಬಿಡುವುದಿಲ್ಲ. 1998ರ ನಂತರದ ಕೀ ವಾಹನದ ಮಿತಿ 3.4 ಮೀಟರ್ ಉದ್ದ, 1.48 ಮೀಟರ್ ಅಗಲ, 660 ಸಿಸಿ. ಟರ್ಬೊ ಇದ್ದರೂ 64 ಅಶ್ವಶಕ್ತಿ. ಪಟ್ಟಣದಲ್ಲಿ, ತೋಟದಲ್ಲಿ, ಇಕ್ಕಟ್ಟಿನ ಗಲ್ಲಿಗಳಲ್ಲಿ ಇದಕ್ಕಿಂತ ಜಾಣ ವಾಹನವಿಲ್ಲ. ಗಂಟೆಗೆ 110 ಕಿಲೋಮೀಟರ್ ವೇಗದ ಹೆದ್ದಾರಿಯಲ್ಲಿ ಲಾರಿಯೊಂದು ಪಕ್ಕದಲ್ಲಿ ಹಾದಾಗ ಇಡೀ ವ್ಯಾನ್ ಪಕ್ಕಕ್ಕೆ ಸರಿಯುತ್ತದೆ. ಅದರ 12 ಇಂಚಿನ ಟೈರುಗಳೂ ಎಲ್ಲ ಅಂಗಡಿಗಳಲ್ಲಿ ಸಿಗುವಂಥವಲ್ಲ.

ಬಲಗಡೆ ಕುಳಿತು ಓಡಿಸುವುದು ಎಷ್ಟು ಕಷ್ಟ?

ಕ್ಲಚ್, ಬ್ರೇಕ್, ಆಕ್ಸಿಲರೇಟರ್‌ಗಳ ಕ್ರಮ ಒಂದೇ. ಗೇರ್ ಎಡಗೈಗೆ ಬರುತ್ತದೆ. ಇಂಡಿಕೇಟರ್ ಬಲಕ್ಕೆ, ವೈಪರ್ ಎಡಕ್ಕೆ ಇರುವುದರಿಂದ ಮೊದಲ ದಿನಗಳಲ್ಲಿ ಪ್ರತಿ ತಿರುವಿನಲ್ಲೂ ಒಣ ಗಾಜನ್ನು ಒರೆಸುತ್ತೀರಿ. ಮೊದಲಿನಿಂದ ಬಲಗಡೆ ಕುಳಿತೇ ಓಡಿಸಲು ಕಲಿತವರಿಗೆ ಇದೆಲ್ಲ ಮನೆಗೆ ಮರಳಿದಷ್ಟು ಸಲೀಸು. ಅಪಾಯ ಇರುವುದು ಆ ಸಲೀಸಿನಲ್ಲೇ: ಕೈಗೆ ಹಳೆಯ ರೂಢಿ ಬಂದಾಗ ತಲೆಯೂ ರಸ್ತೆಯ ಎಡಬದಿಯನ್ನು ಹುಡುಕುತ್ತದೆ. ಖಾಲಿ ರಸ್ತೆಯಲ್ಲಿ ತಿರುಗುವಾಗ ವಿಶೇಷ ಎಚ್ಚರ ಬೇಕು.

ನಿಜವಾದ ಕಷ್ಟ ಎರಡೇ ಪಥಗಳ ರಸ್ತೆಯಲ್ಲಿ ಓವರ್‌ಟೇಕ್ ಮಾಡುವುದು. ನೀವು ರಸ್ತೆಯ ಅಂಚಿಗೆ ಕುಳಿತಿರುತ್ತೀರಿ, ಮುಂದಿನ ಲಾರಿ ಎದುರಿನ ರಸ್ತೆಯನ್ನು ಪೂರ್ತಿ ಮುಚ್ಚಿರುತ್ತದೆ. ಸಾಕಷ್ಟು ಹಿಂದೆ ಉಳಿದು, ರಸ್ತೆ ಬಲಕ್ಕೆ ಬಾಗಿದಾಗ ಲಾರಿಯ ಬಲಬದಿಯಿಂದ ನೋಡಿಕೊಳ್ಳಬೇಕು. ಅನುಮಾನವಿದ್ದರೆ ಹಿಂದೆಯೇ ಇರಬೇಕು. ಪಕ್ಕದಲ್ಲಿ ಕುಳಿತವರು ‘ಬಾ, ಖಾಲಿಯಿದೆ’ ಎಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಬಲಗಡೆ ಸ್ಟೀರಿಂಗ್‌ನ ವಾಹನಗಳ ಅಪಘಾತದ ಅಪಾಯ ಶೇ 40ಕ್ಕಿಂತ ಹೆಚ್ಚು ಎಂದು ಬ್ರಿಟಿಷ್ ಕೊಲಂಬಿಯಾದ ಸಾರ್ವಜನಿಕ ವಿಮಾ ನಿಗಮದ ಅಧ್ಯಯನ ಹೇಳಿತ್ತು. ಈ ಅಂಕಿಯನ್ನು ಕಂಡು ಕೆರಳುವ ಮಾಲೀಕರಿದ್ದಾರೆ. ಕೆರಳುವುದಕ್ಕಿಂತ ಎಡಗಡೆಯ ಕನ್ನಡಿಗೆ ಒಂದು ಉಬ್ಬುಗನ್ನಡಿ ಅಂಟಿಸುವುದು ಉಪಯುಕ್ತ.

ಟೋಲ್‌ಗೆ ಎಲೆಕ್ಟ್ರಾನಿಕ್ ಟ್ಯಾಗ್ ಹಾಕಿಸಿ. ಪಾರ್ಕಿಂಗ್ ಚೀಟಿ ತೆಗೆದುಕೊಳ್ಳಲು ಇಳಿದು ಸುತ್ತು ಹಾಕುವುದು ರೂಢಿಯಾಗುತ್ತದೆ.

ಜಾರುವ ಬಾಗಿಲು ಯಾವ ಕಡೆ ಇರುತ್ತದೆ?

ಇದನ್ನು ಕೇಳುವವರು ಕಡಿಮೆ, ಕೇಳಬೇಕಾದವರು ಎಲ್ಲರೂ. ಜಪಾನಿನಲ್ಲಿ ವಾಹನಗಳು ಎಡಬದಿಯಲ್ಲಿ ಓಡುವುದರಿಂದ ಪಾದಚಾರಿ ಮಾರ್ಗ ಎಡಕ್ಕೆ ಬರುತ್ತದೆ. ಒಂದೇ ಜಾರುಬಾಗಿಲಿರುವ ಡೆಲಿಕಾ ಸ್ಟಾರ್ ವ್ಯಾಗನ್, ಬೊಂಗೊ ಮುಂತಾದವುಗಳಲ್ಲಿ ಅದು ಎಡಗಡೆ ಇದೆ. ಬಲಬದಿಯಲ್ಲಿ ಓಡುವ ದೇಶದಲ್ಲಿ ಅದು ತೆರೆಯುವುದು ಓಡುವ ವಾಹನಗಳ ಕಡೆಗೆ. ಶಾಲೆಯ ಮುಂದೆ ಮಕ್ಕಳನ್ನು ಇಳಿಸುವವರು ಎರಡೂ ಬದಿ ಬಾಗಿಲಿರುವ ಮಾದರಿಯನ್ನೇ ಹುಡುಕಿ. ಕೀ ವ್ಯಾನ್‌ಗಳಲ್ಲಿ ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ.

ಹೆಡ್‌ಲೈಟ್ ಬದಲಿಸಬೇಕೇ?

ಬೇಕು. ಜಪಾನಿನ ಹೆಡ್‌ಲೈಟಿನ ಕಿರಣ ಎಡ ಅಂಚಿನ ಕಡೆಗೆ ಮೇಲೇರುವಂತೆ ರೂಪುಗೊಂಡಿದೆ. ಬಲಬದಿಯ ಸಂಚಾರದಲ್ಲಿ ಅದು ನೇರವಾಗಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅದೇ ಮಾದರಿ ಎಡಗಡೆ ಸ್ಟೀರಿಂಗ್‌ನ ದೇಶಗಳಿಗೂ ರಫ್ತಾಗಿದ್ದರೆ ಅಲ್ಲಿನ ದೀಪ ಕೂರುತ್ತದೆ. ಕೆಳಕ್ಕೆ ಬಾಗಿಸಿ ಹೊಂದಿಸಿದರೆ ಸಾಕು ಎನ್ನುವವರು ತಮ್ಮ ಬೆಳಕನ್ನೂ ಕಳೆದುಕೊಳ್ಳುತ್ತಾರೆ.

ಕುಟುಂಬಕ್ಕೆ ಸುರಕ್ಷಿತವೇ?

ಹೊಸ ಮಿನಿವ್ಯಾನಿನಷ್ಟು ಅಲ್ಲ, ಹತ್ತಿರವೂ ಅಲ್ಲ. ಎಂಜಿನ್ ಸೀಟಿನಡಿ ಇರುವ ವ್ಯಾನ್‌ಗಳಲ್ಲಿ ಚಾಲಕ ಮುಂದಿನ ಚಕ್ರದ ಮೇಲೆಯೇ ಕುಳಿತಿರುತ್ತಾನೆ. ಡಿಕ್ಕಿಯಾದರೆ ಮೊದಲು ತಾಗುವುದು ಮೊಣಕಾಲಿಗೆ. ಏರ್‌ಬ್ಯಾಗ್ ಕೆಲವದರಲ್ಲಿದೆ, ಹಲವದರಲ್ಲಿ ಇಲ್ಲ. ಮಕ್ಕಳ ಸೀಟನ್ನು ಸಿಕ್ಕಿಸುವ ಇಂದಿನ ಕೊಕ್ಕೆಗಳು ಈ ವಯಸ್ಸಿನ ವಾಹನದಲ್ಲಿ ಇರುವುದಿಲ್ಲ, ಬೆಲ್ಟಿನಿಂದಲೇ ಬಿಗಿಯಬೇಕು. ಮಧ್ಯದ ಸೀಟುಗಳಲ್ಲಿ ಸೊಂಟದ ಬೆಲ್ಟ್ ಮಾತ್ರ ಇರುವುದೂ ಉಂಟು. ನಿಮ್ಮ ಮಗುವಿನ ಸೀಟನ್ನು ಜೊತೆಗೆ ಒಯ್ದು, ಕೊಳ್ಳುವ ಮೊದಲೇ ಕಟ್ಟಿ ನೋಡಿ. ದಿನವೂ ಹೆದ್ದಾರಿಯಲ್ಲಿ ಮಕ್ಕಳನ್ನು ಕರೆದೊಯ್ಯಬೇಕಾದ ಮನೆಗೆ ಇರುವ ಒಂದೇ ವಾಹನ ಇದಾಗುವುದನ್ನು ನಾನು ಒಪ್ಪುವುದಿಲ್ಲ.

ವಿಮೆ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಜಾಲತಾಣದ ಅರ್ಜಿಯಲ್ಲಿ ಸಿಗುವುದಿಲ್ಲ. 17 ಸ್ಥಾನಗಳ ಸಂಖ್ಯೆ ಇಲ್ಲವೆಂದ ಕೂಡಲೇ ಕಂಪ್ಯೂಟರು ಕೈಚೆಲ್ಲುತ್ತದೆ. ಏಜೆಂಟ್ ಜೊತೆ ಮಾತನಾಡಬೇಕು. ಹಳೆಯ ಸಂಗ್ರಹಯೋಗ್ಯ ವಾಹನಗಳ ವಿಮಾ ಕಂಪನಿಗಳು ಮೊದಲೇ ಒಪ್ಪಿದ ಮೌಲ್ಯಕ್ಕೆ ಪಾಲಿಸಿ ಕೊಡುತ್ತವೆ. ಆದರೆ ಅವುಗಳಲ್ಲಿ ಹಲವು ದಿನನಿತ್ಯದ ಓಡಾಟವನ್ನು ಒಪ್ಪುವುದಿಲ್ಲ. ಪಾಲಿಸಿಯಲ್ಲಿ ಸ್ಟೀರಿಂಗ್ ಬಲಗಡೆ ಇದೆ, ಒಳಗೆ ಹಾಸಿಗೆ-ಒಲೆ ಅಳವಡಿಸಿದೆ ಎಂಬುದೆಲ್ಲ ನಮೂದಾಗಲಿ. ಮುಂಗಡ ಕೊಡುವ ಮೊದಲೇ ವಿಮೆಯ ದರ ಕೈಯಲ್ಲಿರಬೇಕು.

ಬಿಡಿಭಾಗ ಮತ್ತು ಮೆಕ್ಯಾನಿಕ್?

ಚಾಸಿಸ್ ನಂಬರ್ ಕೊಟ್ಟರೆ ಕಂಪನಿಯ ಭಾಗಸಂಖ್ಯೆ ತೋರಿಸುವ ಕ್ಯಾಟಲಾಗ್‌ಗಳು ಅಂತರ್ಜಾಲದಲ್ಲಿವೆ. ಜಪಾನಿನಿಂದ ನೇರ ಕಳಿಸುವ ವ್ಯಾಪಾರಿಗಳೂ ಇದ್ದಾರೆ. ಫಿಲ್ಟರ್, ಬೆಲ್ಟ್, ಬ್ರೇಕ್ ಪ್ಯಾಡ್, ವಾಟರ್ ಪಂಪ್‌ಗಳನ್ನು ಒಂದು ಸುತ್ತು ಮೊದಲೇ ತರಿಸಿಟ್ಟುಕೊಳ್ಳಿ. ಗಾಜು ಮತ್ತು ಬಾಡಿಯ ಭಾಗಗಳೇ ತಲೆನೋವು: ಹಿಂಬಾಗಿಲ ಗಾಜು ಒಡೆದರೆ ತಿಂಗಳುಗಟ್ಟಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡು ಕಾಯಬೇಕಾಗಬಹುದು.

ಮೆಕ್ಯಾನಿಕ್‌ನನ್ನು ವ್ಯಾನಿಗಿಂತ ಮೊದಲು ಹುಡುಕಿ. ಸ್ಟೀರಿಂಗ್ ಯಾವ ಕಡೆ ಇದ್ದರೂ ಎಂಜಿನ್ ಎಂಜಿನ್ನೇ ಎನ್ನುವ ಹಳೆಯ ಡೀಸೆಲ್ ಮೇಸ್ತ್ರಿಗಳು ಊರೂರಲ್ಲಿ ಇದ್ದಾರೆ. ಸ್ಕ್ಯಾನರ್ ಸಿಕ್ಕಿಸಿ ತಪ್ಪು ಓದುವ ಅಭ್ಯಾಸದ ಗ್ಯಾರೇಜುಗಳು ಇವನ್ನು ಬಾಗಿಲಲ್ಲೇ ನಿಲ್ಲಿಸುತ್ತವೆ.

ರೇಡಿಯೊ ಸರಿಯಾಗಿ ಹಿಡಿಯುತ್ತಿಲ್ಲ. ಕೆಟ್ಟಿದೆಯೇ?

ಇಲ್ಲ. ಜಪಾನಿನ ಎಫ್‌ಎಂ ಪಟ್ಟಿ 76 ಮೆಗಾಹರ್ಟ್ಸ್‌ನಿಂದ ಆರಂಭವಾಗಿ ಹಳೆಯ ರೇಡಿಯೊಗಳಲ್ಲಿ 90ಕ್ಕೆ ಮುಗಿಯುತ್ತದೆ. ಉತ್ತರ ಅಮೆರಿಕದ್ದು 88ರಿಂದ 108. ನಡುವಿನ ಒಂದೆರಡು ನಿಲ್ದಾಣ ಸಿಕ್ಕರೆ ನಿಮ್ಮ ಪುಣ್ಯ. ಹೊಸ ರೇಡಿಯೊ ಹಾಕಿಸಿ. ಜಪಾನಿ ಭಾಷೆಯಲ್ಲಿ ಮಾತನಾಡುವ ಟೋಲ್ ಯಂತ್ರವನ್ನು ಮಾತ್ರ ಹಲವರು ಪ್ರೀತಿಯಿಂದ ಉಳಿಸಿಕೊಳ್ಳುತ್ತಾರೆ. ಎಡ ಸೀಟಿನ ಕಾಲಬಳಿ ಕೆಂಪು ಕೋಲಿನಂಥದ್ದು ಸಿಕ್ಕಿಸಿದ್ದರೆ ಅದು ತುರ್ತು ಸಂಕೇತದ ಬತ್ತಿ. ಮಕ್ಕಳ ಕೈಗೆ ಸಿಗದಂತೆ ತೆಗೆದುಬಿಡಿ.

ಸ್ಟೀರಿಂಗನ್ನು ಎಡಗಡೆಗೆ ಬದಲಿಸಬಹುದೇ?

ಬದಲಿಸುವವರಿದ್ದಾರೆ. ಸ್ಟೀರಿಂಗ್ ಪೆಟ್ಟಿಗೆ, ಪೆಡಲುಗಳು, ಬ್ರೇಕ್ ಬೂಸ್ಟರ್, ಡ್ಯಾಶ್‌ಬೋರ್ಡ್, ವೈಪರ್, ತಂತಿಗಳು ಎಲ್ಲವೂ ಬದಲಾಗಬೇಕು. ಆ ಹಣಕ್ಕೆ ಎಡಗಡೆ ಸ್ಟೀರಿಂಗ್ ಇರುವ ಬೇರೆ ವ್ಯಾನೇ ಬರುತ್ತದೆ, ಮತ್ತು ಅದರ ಬ್ರೇಕನ್ನು ಯಾರು ಬೆಸುಗೆ ಹಾಕಿದರೋ ಎಂದು ಯೋಚಿಸಬೇಕಾಗುವುದಿಲ್ಲ.

ಬೇಸರವಾದರೆ ಮಾರಲು ಸಾಧ್ಯವೇ?

ಸಾಧ್ಯ, ತಾಳ್ಮೆ ಬೇಕು. ಬ್ಯಾಂಕುಗಳು ಇಂಥ ವಾಹನಕ್ಕೆ ಸಾಲ ಕೊಡಲು ಹಿಂಜರಿಯುವುದರಿಂದ ಕೊಳ್ಳುವವರು ನಗದು ಇರುವವರೇ ಆಗಿರುತ್ತಾರೆ, ಅಂಥವರು ಕಡಿಮೆ. ನಾಲ್ಕು ಚಕ್ರಗಳ ಚಾಲನೆ, ತುಕ್ಕಿಲ್ಲದ ತಳ, ಹರಾಜು ಹಾಳೆಯಿಂದ ಹಿಡಿದು ಕೊನೆಯ ಎಣ್ಣೆ ಬದಲಾವಣೆಯವರೆಗಿನ ರಸೀದಿಗಳು ಇರುವ ವ್ಯಾನ್ ಬೇಗ ಹೋಗುತ್ತದೆ. ಅಮೆರಿಕದಲ್ಲಿ ಇನ್ನೊಂದು ಲೆಕ್ಕವೂ ಇದೆ: ಪ್ರತಿ ತಿಂಗಳೂ ಹೊಸ ತಂಡಕ್ಕೆ 25 ವರ್ಷ ತುಂಬುತ್ತಿರುತ್ತದೆ. ನಿಮ್ಮದಕ್ಕಿಂತ ಹೊಸ ಪೀಳಿಗೆ ಬಂದರಿಗೆ ಬಂದ ವರ್ಷ ಹಳೆಯದರ ಬೆಲೆ ಸಡಿಲವಾಗಬಹುದು. ಮಾರುವ ಯೋಚನೆ ಇದ್ದರೆ ಅದಕ್ಕೂ ಮೊದಲೇ, ಬೇಸಿಗೆಯ ಪ್ರವಾಸಗಳು ಶುರುವಾಗುವ ಮುಂಚಿನ ತಿಂಗಳುಗಳಲ್ಲಿ ಜಾಹೀರಾತು ಕೊಡಿ.